ಕ್ಲೈಡ್ ಆಂಬ್ರೋಸ್‌ಗೆ ಬಿದ್ದ ಓಟು

“ಇದೂ ಹಕ್ಕಿಗೇ,” ಎಂದು ಜಡ್ಜ್ ಟಾಲಿವರ್ ಮತಪತ್ರವನ್ನು ಎದುರಿಗಿದ್ದ ಇಬ್ಬರು ವಕೀಲರಿಗೂ ಕಾಣುವಂತೆ ಎತ್ತಿ ಹಿಡಿದರು.

ಗೋಡೆಯ ಪಕ್ಕ ಪತ್ರಕರ್ತರಿಗೆಂದು ಹಾಕಿದ್ದ ಮಡಚುವ ಕುರ್ಚಿಯಲ್ಲಿ ಡಡ್ಲಿ ಕ್ರೆನ್‌ಶಾ ಇನ್ನಷ್ಟು ಕೆಳಕ್ಕೆ ಜಾರಿದ. ಹಕ್ಕಿ ಅವನದೇ. ಸೀಡರ್ ಪಾಯಿಂಟಿನ ಪತ್ರಿಕೆಯಲ್ಲಿ ವಾರಕ್ಕೆರಡು ನಗೆಬರಹ ಬರೆದು ಹೊಟ್ಟೆ ಹೊರೆಯುವವನು ಅವನು. ಬೇಸಗೆಯಲ್ಲಿ ಬರೆಯಲು ಏನೂ ತೋಚದೆ, ದೋಣಿಕಟ್ಟೆಯ ಮೇಲೆ ಕೂತು ಬಂದವರ ಮೀನುಬುಟ್ಟಿಗೆಲ್ಲ ಕೊಕ್ಕು ಹಾಕುವ ಒಂದು ಹೆಜ್ಜಾರ್ಲೆಯನ್ನು, ಕೊಕ್ಕಿನ ಕೆಳಗೆ ಚೀಲ ಜೋತುಬಿದ್ದ ಆ ದೊಡ್ಡ ನೀರುಹಕ್ಕಿಯನ್ನು, ಅಮೆರಿಕದ ಅಧ್ಯಕ್ಷಗಿರಿಗೆ ನಿಲ್ಲಿಸಿಬಿಟ್ಟಿದ್ದ. ಹೆಸರು ಕ್ಲೈಡ್. ಬಾಯಿ ದೊಡ್ಡದು, ಅದರೊಳಗಿರುವುದೆಲ್ಲ ಬೇರೆಯವರದು, ಇನ್ನೇನು ಅರ್ಹತೆ ಬೇಕು ಎಂದು ಕೇಳಿದ್ದ. ಊರು ಹೊಟ್ಟೆ ಹಿಡಿದುಕೊಂಡು ನಕ್ಕಿತ್ತು.

ಆಮೇಲೆ ನವೆಂಬರ್ ಬಂತು. ಇಡೀ ದೇಶದ ಚುನಾವಣೆ ಬಂದು ಅವರದೇ ರಾಜ್ಯವಾದ ಫ್ಲಾರಿಡಾದ ಕೊರಳಿಗೆ ಬಿತ್ತು. ಅಲ್ಲಿ ಇಬ್ಬರು ಅಭ್ಯರ್ಥಿಗಳಿಗೂ ಹೆಚ್ಚುಕಡಿಮೆ ಸರಿಸಮ ಓಟು ಬಿದ್ದು, ಒಂದೊಂದು ಓಟಿಗೂ ಜುಟ್ಟು ಹಿಡಿದುಕೊಳ್ಳುವ ಸ್ಥಿತಿ ಬಂತು. ಎಣಿಕೆಯ ಯಂತ್ರ ಲೆಕ್ಕಕ್ಕೆ ಹಿಡಿಯದೆ ಉಗುಳಿದ ಮತಪತ್ರಗಳನ್ನು ಈಗ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಒಂದೊಂದಾಗಿ ಕಣ್ಣಿಟ್ಟು ನೋಡುತ್ತಿದ್ದರು.

ನೋಡಿದರೆ, ಡಡ್ಲಿಯ ಓದುಗರು ತಮಗೆ ಬೇಕಾದ್ದನ್ನೂ ಮಾಡಿದ್ದರು, ಹಕ್ಕಿಯ ಹೆಸರು ಬರೆಯಿರಿ ಎಂದು ಅವನು ಹೇಳಿದ್ದನ್ನೂ ಮಾಡಿದ್ದರು. ತಮ್ಮ ಅಭ್ಯರ್ಥಿಯ ಹೆಸರಿನ ಪಕ್ಕದ ಸೊನ್ನೆಯನ್ನು ಪೆನ್ನಿನಿಂದ ಕಪ್ಪು ಮಾಡಿ, ಬೇರೆ ಹೆಸರು ಬರೆಯುವವರಿಗೆಂದು ಕೆಳಗೆ ಬಿಟ್ಟಿದ್ದ ಗೆರೆಯ ಮೇಲೆ ತಮಾಷೆಗೆ ಕ್ಲೈಡ್ ಎಂದೂ ಬರೆದಿದ್ದರು. ಯಂತ್ರಕ್ಕೆ ತಮಾಷೆ ಗೊತ್ತಾಗುವುದಿಲ್ಲ. ಒಬ್ಬನೇ ಇಬ್ಬರಿಗೆ ಓಟು ಹಾಕಿದ್ದಾನೆ ಎಂದು ಉಗುಳಿತ್ತು.

“ಅಧ್ಯಕ್ಷ ಆಗೋಕೆ ಮೂವತ್ತೈದು ವರ್ಷ ತುಂಬಿರ್ಬೇಕು ಮೇಡಂ, ಸಂವಿಧಾನದಲ್ಲೇ ಇದೆ,” ಎಂದ ಕಂದು ಸೂಟಿನ ವಕೀಲ. “ಈ ಹಕ್ಕಿಗೆ ಹತ್ತು ತುಂಬಿದ್ರೆ ಹೆಚ್ಚು. ಅದು ಅಭ್ಯರ್ಥಿನೇ ಅಲ್ಲ ಅಂದ್ಮೇಲೆ ಎರಡನೇ ಓಟು ಎಲ್ಲಿಂದ ಬಂತು?”

“ವಯಸ್ಸಿಗೆ ದಾಖಲೆ ಕೊಡ್ಲಿ,” ಎಂದ ಎದುರು ಪಕ್ಷದ ವಕೀಲ, ನಗದೆ. “ಅಮೆರಿಕದಲ್ಲೇ ಹುಟ್ಟಿದ್ದು ಅನ್ನೋದಕ್ಕೆ ಮಾತ್ರ ನಮ್ಮ ತಕರಾರಿಲ್ಲ.”

ಜಡ್ಜ್ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. “ಎರಡು ಹೆಸರು ಅಂದ್ರೆ ಎರಡು ಓಟು. ಅಸಿಂಧು.” ಡಡ್ಲಿಯ ಜೊತೆ ಒಂದೇ ಶಾಲೆಯಲ್ಲಿ ಓದಿದ ಹೆಂಗಸು, ಅವನ ಕಡೆ ತಿರುಗದೆ ಬಿಡುತ್ತಾರೆಯೇ? “ಬರ್ಕೊಳಪ್ಪ ಡಡ್ಲಿ. ನಾಳೆಗೆ ಸರಕು ಸಿಕ್ತಲ್ಲ ನಿಂಗೆ.”

ಸರಕೇನೋ ಸಿಕ್ಕಿತ್ತು. ಸಂಪಾದಕ ಬೆಳಿಗ್ಗೆಯೇ ಫೋನು ಮಾಡಿ ಹಕ್ಕಿಯ ಓಟುಗಳ ಬಗ್ಗೆ ಸಂಜೆಯೊಳಗೆ ಬರಹ ಬೇಕೆಂದಿದ್ದ. ಆದರೆ ಪೆನ್ನು ಏಳಲಿಲ್ಲ. ಅಸಿಂಧುವಾದ ಒಂದೊಂದು ಓಟಿಗೂ ಮನೆಯಲ್ಲಿ ಮೇವಿಸ್‌ಗೆ ಏನು ಹೇಳುವುದೆಂಬ ಯೋಚನೆ ಅವನಿಗೆ.

ಮೇವಿಸ್ ಅವನ ಹೆಂಡತಿ. ಪ್ರೌಢಶಾಲೆಯಲ್ಲಿ ಪೌರನೀತಿ ಕಲಿಸಿ ನಿವೃತ್ತಳಾದವಳು. ಆ ವರ್ಷ ಜೂನ್‌ನಿಂದಲೂ ಬಿಸಿಲೆನ್ನದೆ ಮನೆಮನೆಯ ಬಾಗಿಲು ತಟ್ಟಿ ತನ್ನ ಅಭ್ಯರ್ಥಿಗೆ, ಅಂದರೆ ಕಂದು ಸೂಟಿನವನ ಪಕ್ಷಕ್ಕೆ, ಓಟು ಕೇಳಿದ್ದಳು, ಅರ್ಧ ಬೀದಿಗೆ ಮತಪತ್ರ ತುಂಬುವುದನ್ನು ಅವಳೇ ಕಲಿಸಿದ್ದಳು. ಗಂಡನ ಬರಹವನ್ನು ಮೂವತ್ತು ವರ್ಷದಿಂದ ತಿಂಡಿಯ ಮೇಜಿನಲ್ಲಿ ಓದುತ್ತಾ ಬಂದಿದ್ದಾಳೆ. ಒಂದು ಸಲವೂ ನಕ್ಕಿದ್ದಿಲ್ಲ. ಓದಿ ಮುಗಿಸಿ, “ಮೂರನೇ ಸಾಲಲ್ಲಿ ಅಲ್ಪವಿರಾಮ ಬೇಕಿತ್ತು,” ಎನ್ನುವವಳು. ಊರನ್ನೆಲ್ಲ ನಗಿಸುವವನನ್ನು ಈ ಒಂದು ಮುಖ ಸೋಲಿಸಿಬಿಟ್ಟಿತ್ತು, ಅದರ ದುಃಖ ಅವನಿಗೆ ಇತ್ತು.

ಒಮ್ಮೆ ಮಾತ್ರ, ಕ್ಲೈಡನ ಚಿತ್ರ ಅಚ್ಚಾದ ದಿನ, ಅವಳು ಪತ್ರಿಕೆಯನ್ನು ದೂರ ಹಿಡಿದು ನೋಡಿದ್ದಳು. “ಈ ಜೋಲು ಗದ್ದ ನಮ್ಮಪ್ಪನದೇ. ಕ್ಲೈಡ್ ಆಂಬ್ರೋಸ್ ಅಂತ ಪೂರ್ತಿ ಹೆಸರಿಡು,” ಎಂದು ಮುಖ ಸಡಿಲಿಸದೆ ಹೇಳಿ ಕಾಫಿ ಕುಡಿದಿದ್ದಳು. ಡಡ್ಲಿ ಅದನ್ನು ಅಚ್ಚಿಗೆ ಕೊಡಲಿಲ್ಲ. ಮಾವ ಆಂಬ್ರೋಸ್ ಇನ್ನೂ ಗಟ್ಟಿಮುಟ್ಟಾಗಿದ್ದ, ಪತ್ರಿಕೆಯನ್ನೂ ತರಿಸುತ್ತಿದ್ದ.

ಮಧ್ಯಾಹ್ನ ಊಟವಾಗಿ ಎಲ್ಲರೂ ತೂಕಡಿಸುತ್ತಿದ್ದಾಗ ಜಡ್ಜ್ ಇನ್ನೊಂದು ಮತಪತ್ರ ಎತ್ತಿದರು. “ಮತ್ತೆ ಹಕ್ಕಿ. ಇದ್ಯಾರೋ ಮರ್ಯಾದಸ್ಥರು, ಪೂರ್ತಿ ಹೆಸರು ಬರ್ದಿದಾರೆ. ಕ್ಲೈಡ್ ಆಂಬ್ರೋಸ್.”

ಡಡ್ಲಿಗೆ ತಡೆಯಲಾಗಲಿಲ್ಲ. ಬೆಳಗಿನಿಂದ ತುಟಿ ಬಿಚ್ಚದವನು ಕುರ್ಚಿ ಕಿರುಗುಟ್ಟುವಂತೆ ಗಹಗಹಿಸಿ ನಕ್ಕುಬಿಟ್ಟ. ಮಾವನ ಗದ್ದ ಕಣ್ಣ ಮುಂದೆ ಬಂದಿತ್ತು. ನಗು ಅರ್ಧ ದಾರಿಯಲ್ಲಿರುವಾಗಲೇ ಅವನಿಗೆ ಮತಪತ್ರ ಕಾಣಿಸಿತು. ಸೊನ್ನೆಯನ್ನು ಅಂಚು ದಾಟದಂತೆ, ಒಂದು ಚುಕ್ಕೆ ಬಿಳಿ ಉಳಿಯದಂತೆ ತುಂಬಿದ್ದರು. ಆ ಹೆಸರು ತಿಂಡಿಯ ಮೇಜು ಬಿಟ್ಟು ಆಚೆ ಹೋಗಿರಲಿಲ್ಲ.

“ಡಡ್ಲಿ, ಎದ್ದು ಹೊರಗೆ ನಡಿ,” ಎಂದರು ಜಡ್ಜ್. “ಇಲ್ಲಿ ದೇಶದ ಹಣೆಬರಹ ನೋಡ್ತಾ ಕೂತಿದೀವಿ.”

ಕಂದು ಸೂಟಿನವನು ಮತ್ತೆ ಹಕ್ಕಿಯ ವಯಸ್ಸು ಎತ್ತಿದ. “ಅಸಿಂಧು,” ಎಂಬ ಮಾತು ಡಡ್ಲಿಗೆ ಬಾಗಿಲ ಹೊರಗೆ ಕೇಳಿಸಿತು. ಮೂವತ್ತು ವರ್ಷ ಕಾದದ್ದು ಸಿಕ್ಕಿದ ಸಂತೋಷ, ಅದಕ್ಕೆ ಮೇವಿಸ್ ತನ್ನ ಓಟನ್ನೇ ತೆತ್ತದ್ದರ ಸಂಕಟ, ಎರಡೂ ಒಟ್ಟಿಗೇ ಎದೆಗೆ ಬಂದವು. ಕಾರಿಗೆ ಹೋಗಿ ಸಂಪಾದಕನಿಗೆ ಫೋನು ಮಾಡಿ ಇವತ್ತು ಬರಹ ಇಲ್ಲ ಎಂದ.

ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಅಂಗಳದಲ್ಲಿ ಅವಳ ಅಭ್ಯರ್ಥಿಯ ಫಲಕ ಸಮುದ್ರದ ಗಾಳಿಗೆ ವಾಲಿಕೊಂಡಿತ್ತು. ಮೇವಿಸ್ ಅಡುಗೆಮನೆಯಲ್ಲಿ ಸೀಗಡಿ ಸುಲಿಯುತ್ತಿದ್ದಳು. ಸದಾ ಸುದ್ದಿ ಹೇಳುವ ರೇಡಿಯೋ ಆಫ್ ಆಗಿತ್ತು. ಹಾಗಾದರೆ ಸುದ್ದಿ ಕೇಳಿದ್ದಾಳೆ ಎಂದುಕೊಂಡ. ಕೈ ತೊಳೆದು ಬಂದು ಅವಳ ಎದುರು ಕೂತು ಒಂದು ಸೀಗಡಿ ತೆಗೆದುಕೊಂಡ.

“ಹಕ್ಕಿ ಹೆಸರು ಬರೆದವೆಲ್ಲ ಹೋದ್ವಂತೆ?” ಎಂದು ಮೇವಿಸ್ ಕೇಳಿದಳು.

“ಹೋದ್ವು.”

“ಸೊನ್ನೆ ಸರಿಯಾಗಿ ತುಂಬಿದ್ರೂ?”

“ತುಂಬಿದ್ರೂ.”

ಅವಳು ಸೀಗಡಿಯ ಬೆನ್ನು ಸೀಳಿ ಕಪ್ಪು ನರ ಎಳೆದು ತೆಗೆದಳು. ಇನ್ನೊಂದನ್ನು ಸುಲಿದಳು. “ಆ ಗೆರೆ ಸುಮ್ನೆ ಅಲ್ಲಿರುತ್ತೆ, ಅದನ್ನ ಯಾರೂ ಲೆಕ್ಕಕ್ಕೆ ತಗೊಳಲ್ಲ ಅಂದ್ಕೊಂಡಿರ್ತಾರೆ ಜನ,” ಎಂದಳು.

“ಹೌದು. ನಾನು ಬರೆದಿದ್ದು ಹಾಗಿತ್ತು. ತಪ್ಪು ನಂದೇ, ಮೇವಿಸ್.”

ಅವಳು ಬಟ್ಟಲಿನಲ್ಲಿ ಕೈಯಾಡಿಸುತ್ತಾ, ಅವನ ಮುಖ ನೋಡದೆ ಕೇಳಿದಳು: “ಯಾರಾದ್ರೂ ನಕ್ಕರಾ?”

“ಒಬ್ಬ ನಕ್ಕ. ಒಂದು ಓಟಿಗೆ ಮಾತ್ರ. ಎಷ್ಟು ನಕ್ಕ ಅಂದ್ರೆ, ಜಡ್ಜ್ ಅವನನ್ನ ಎಬ್ಬಿಸಿ ಆಚೆ ಕಳಿಸಿದ್ರು.”

ಮೇವಿಸ್ ತಲೆಯೆತ್ತಿ ಅವನನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಮುಖ ಎಂದಿನಂತೆಯೇ ಇತ್ತು.

“ಕಳಿಸಬೇಕಾದ್ದೇ,” ಎಂದಳು.

ಕೈ ಒರೆಸಿಕೊಂಡು ಎದ್ದಳು. ಸುಲಿಯಲು ಉಳಿದಿದ್ದ ಸೀಗಡಿಯ ಬಟ್ಟಲನ್ನು ಅವನ ಮುಂದಕ್ಕೆ ಸರಿಸಿ, ಖಾನೆಯಿಂದ ಸುತ್ತಿಗೆ ತೆಗೆದುಕೊಂಡು ಹೊರಗೆ ಹೋದಳು. ಅಂಗಳದಲ್ಲಿ ಫಲಕದ ಗೂಟವನ್ನು ನೆಟ್ಟಗೆ ಮಾಡಿ ಬಡಿಯುವ ಸದ್ದು ಕೇಳಿಸಿತು. ಡಡ್ಲಿ ಒಬ್ಬನೇ ಕೂತು ಸೀಗಡಿ ಸುಲಿಯುತ್ತಾ ಹೋದ.