ಜಾಹೆದಾ ಕೂತ ಇದ್ದತ್

ಆ ವಾರ ಮಾನ್ವಿಯಲ್ಲಿ ಎಲ್ಲರ ಬಾಯಲ್ಲೂ ಸಮುದ್ರದ್ದೇ ಮಾತು. ಸಮುದ್ರವನ್ನು ಕಣ್ಣಾರೆ ಕಂಡವರು ಊರಲ್ಲಿ ಎಷ್ಟು ಮಂದಿ ಇದ್ದಾರೋ ದೇವರೇ ಬಲ್ಲ. ಆದರೆ ಭತ್ತ ಕೊಯ್ಲಿಗೆ ಬಂದಿತ್ತಲ್ಲ! ಬಂಗಾಳ ಕೊಲ್ಲಿಯಲ್ಲಿ ಎದ್ದ ತುಫಾನು ಆಂಧ್ರದ ದಂಡೆಗೆ ಹೊಡೆದರೆ ಅದರ ಮಳೆ ಇಲ್ಲಿಯತನಕ ಬರುತ್ತದೆಂದು ರೈತರು ಮೊಬೈಲಿನಲ್ಲಿ ಮೋಡದ ಚಿತ್ರ ನೋಡುತ್ತ ಓಡಾಡುತ್ತಿದ್ದರು. ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಬಳೆ ಮಾರುವ ಜಾಹೆದಾಳಿಗೆ ಭತ್ತದ ಚಿಂತೆ ಇರಲಿಲ್ಲ. ಆ ದಂಡೆಯ ಮೇಲೆ ಅವಳ ಮಗಳಿದ್ದಳು.

ಮಲ್ಲಟದ ಯಮನಮ್ಮ ಬಳೆ ಇಡಿಸಿಕೊಳ್ಳಲು ಕೈ ಚಾಚಿ ಕೂತವಳು ಮೊದಲು ತನ್ನ ಗದ್ದೆಯ ಗೋಳು ಹೇಳಿಕೊಂಡಳು. ಆಮೇಲೆ ನೆನಪಾಗಿ ಕೇಳಿದಳು: “ನಿನ್ ಮಗಳು ಅಲ್ಲೇ ಅದಾಳಲ್ಲ ಬೇ, ಕರಸ್ಕೊಳ್ಳಬಾರದೇನು?”

“ಹೆಂಗ ಕರಸ್ಲಿ ಯಮನಮ್ಮಾ? ಇದ್ದತ್‌ನಾಗ ಅದಾಳ. ಮುಗಿಯೂತನಕ ಹೊಸಿಲು ದಾಟಂಗಿಲ್ಲ.”

ಜಾಹೆದಾ ಹಾಗೆ ಅಂದಳೇ ಹೊರತು, ಕರೆಸಿಕೊಳ್ಳಬೇಕೆಂಬ ಆಸೆ ಅವಳಿಗೆ ಅನ್ನ ನೀರು ಸೇರದಷ್ಟು ಇತ್ತು. ಮಗಳು ಗುಲ್ಫಶಾಳ ಗಂಡ ಮುಜಾಹಿದ್, ಮಾನ್ವಿಯ ಗಿರಣಿಗಳಿಂದ ಅಕ್ಕಿ ಒಯ್ಯುತ್ತಿದ್ದ ಲಾರಿ ಚಾಲಕ. ಮಚಲಿಪಟ್ಟಣದಾಚೆ ನೀರಿಗೆ ಹತ್ತಿಕೊಂಡಿದ್ದ ಹಳ್ಳಿ ಅವನದು. ಕಾಮಾಲೆಯಾಗಿ ಎರಡು ತಿಂಗಳ ಹಿಂದೆ ತೀರಿಕೊಂಡ. ಗಂಡ ಸತ್ತ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಗಂಡನ ಮನೆಯಲ್ಲೇ ಶೋಕದಲ್ಲಿ ಕೂಡುವುದೇ ಇದ್ದತ್. ಮಣ್ಣಿಗೆ ಹೋಗಿದ್ದ ಜಾಹೆದಾ, ಅಳುತ್ತಿದ್ದ ಮಗಳನ್ನು ಎದೆಗೊತ್ತಿಕೊಂಡು, ಏನಾದರೂ ಆಗಲಿ ಹೊಸಿಲು ದಾಟಬೇಡ, ನನ್ನ ಹೆಸರು ಉಳಿಸು ಎಂದು ಹೇಳಿ ಬಂದಿದ್ದಳು.

ಆ ಹೆಸರೇನು ಸಣ್ಣದಲ್ಲ. ಜಾಹೆದಾ ತಾನೇ ಗಂಡನನ್ನು ಕಳೆದುಕೊಂಡಾಗ ರಾಯಚೂರಿನಲ್ಲಿ ಅವಳ ಅಬ್ಬಾ ಹಾಸಿಗೆ ಹಿಡಿದಿದ್ದರು. ಬಾಗಿಲ ಸದ್ದಾದರೆ ಸಾಕು, ಜಾಹೆದಾ ಬಂದಳೇನು ಎಂದು ಕೇಳುತ್ತಿದ್ದರಂತೆ. ಅವಳು ಹೋಗಲಿಲ್ಲ. ಬಸ್ಸಿನಲ್ಲಿ ಎರಡು ತಾಸಿನ ದಾರಿ; ಅಬ್ಬಾ ಮಣ್ಣಾದರೂ ಹೊಸಿಲು ದಾಟಲಿಲ್ಲ. ಅಂದಿನಿಂದ ಓಣಿಯಲ್ಲಿ ಯಾರ ಮನೆಯಲ್ಲಿ ಸಾವಾದರೂ, ಇದ್ದತ್ ಅಂದರೆ ಜಾಹೆದಾಳಂತೆ ಕೂಡಬೇಕು ಅನ್ನುವ ಮಾತು ಬಂದೇ ಬರುತ್ತಿತ್ತು. ಎದುರು ಮನೆಯ ಆತಿಯಾ ಅಂತೂ ಆ ಕಥೆಯನ್ನು ತಾನೇ ಕೂತು ಕಂಡವಳಂತೆ ಬಣ್ಣಿಸುತ್ತಿದ್ದಳು. ಹೊಗಳಿಕೆ ಯಾರಿಗೆ ಬೇಡ? ಗುಲ್ಫಶಾ ಆ ಕಥೆಯನ್ನು ಕೇಳುತ್ತಲೇ ದೊಡ್ಡವಳಾದಳು.

ಮರುದಿನ ಮಧ್ಯಾಹ್ನ ಮಾನ್ವಿಯ ಆಕಾಶ ಕಪ್ಪಾಯಿತು. ಜಾಹೆದಾ ಅಂಗಡಿ ಮುಚ್ಚಿ ಮನೆಗೆ ಬರುವಷ್ಟರಲ್ಲಿ ಫೋನು ಹೊಡೆದುಕೊಂಡಿತು. ಮಗಳ ಅತ್ತೆ ನಿಗಾರ್. ಬಂದರಿನಲ್ಲಿ ಅಪಾಯದ ಬಾವುಟ ಏರಿಸಿದ್ದಾರೆ, ದೋಣಿಗಳನ್ನೆಲ್ಲ ಊರೊಳಗೆ ಎಳೆದು ತಂದಿದ್ದಾರೆ, ಸಂಜೆಗೆ ಸಮುದ್ರವೇ ಊರಿಗೆ ನುಗ್ಗುತ್ತದೆಂದು ಪೊಲೀಸರು ಮೈಕಿನಲ್ಲಿ ಕೂಗುತ್ತಿದ್ದಾರೆ, ಜನರನ್ನು ದೂರದ ಶಾಲೆಗೆ ಒಯ್ಯುವ ಕೊನೆಯ ವ್ಯಾನು ಬಾಗಿಲಲ್ಲಿ ನಿಂತಿದೆ ಎಂದೆಲ್ಲ ಒಂದೇ ಉಸಿರಿಗೆ ಹೇಳಿದಳು. ಆಮೇಲೆ ಧ್ವನಿ ಒಡೆಯಿತು.

“ನಿಮ್ಮ ಮಗಳು ಏಳವಲ್ಲಳು ಆಪಾ. ನಾನೂ ಹೇಳಿದೆ, ಮಸೀದಿಯವರೂ ಹೇಳಿದ್ರು. ನಮ್ಮ ಅಮ್ಮಿ ಹೇಳ್ಯಾಳ ಅಂತಾಳ. ಮಗನ್ನ ಕಳಕೊಂಡೀನಿ, ಸೊಸಿನ್ನ ಬಿಟ್ಟು ನಾ ಎಲ್ಲಿಗೆ ಹೋಗ್ಲಿ?”

ಆಸಿಫ್, ಜಾಹೆದಾಳ ಮಗ, ಪಕ್ಕದಲ್ಲೇ ನಿಂತಿದ್ದ. ಮುಂಜಾನೆಯಷ್ಟೇ ಅವನು ಮಸೀದಿಯ ಹಿರಿಯರಾದ ಗುಲಾಮ್ ರಸೂಲರನ್ನು ಕೇಳಿ ಬಂದಿದ್ದ. ಜೀವಕ್ಕೆ ಅಪಾಯವಿದ್ದರೆ ಮನೆ ಬಿಡಬಹುದು, ಇದನ್ನೂ ಕೇಳಬೇಕೇ ಎಂದು ಅವರು ಗದರಿಸಿದ್ದರಂತೆ. ಅದನ್ನು ಹೇಳು ಎಂದು ಆಸಿಫ್ ಸನ್ನೆ ಮಾಡಿದ. ಮಗಳ ಕೈಗೆ ಫೋನು ಕೊಡಿಸಿ ಜಾಹೆದಾ ಹೇಳಿದಳು. ಗುಲ್ಫಶಾ ಒಪ್ಪಲಿಲ್ಲ.

“ನಿನ್ನ ಅಬ್ಬಾ, ನಮ್ಮ ನಾನಾ ಕರದಾಗ ನಿನಗ ಹೋಗು ಅನ್ನೋರು ಇರಲಿಲ್ಲೇನು ಅಮ್ಮಿ? ಆದ್ರೂ ನೀ ಕೂತಿ. ನಾ ಗಾಳಿಗೆ ಅಂಜಿ ಎದ್ದು ಹೋದ್ರ ನಿನ್ನ ಮಗಳು ಹೆಂಗಾಗ್ತೀನಿ? ನಮ್ಮ ಮನಿಯವ್ರ ಸಲುವಾಗಿ ನಾ ಮಾಡೂದು ಇನ್ನ ಇಷ್ಟ ಉಳದದ.”

ಆ ಕಡೆ ತಗಡು ಬಡಿದುಕೊಳ್ಳುವ ಸದ್ದು ಕೇಳುತ್ತಿತ್ತು. ಒಂದು ಮಾತು ಜಾಹೆದಾಳ ಗಂಟಲಲ್ಲಿ ಎಷ್ಟೋ ವರ್ಷಗಳಿಂದ ಇತ್ತು. ಅದನ್ನು ಆಡಿದರೆ ಓಣಿಯಲ್ಲಿ ಗಳಿಸಿದ ಹೆಸರು ಹೋಗುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಅಬ್ಬಾನ ಮುಖ ನೋಡದೆ ಉಳಿದದ್ದಕ್ಕೆ ತಾನೇ ಕೊಟ್ಟುಕೊಂಡಿದ್ದ ಸಮಾಧಾನವೂ ಹೋಗುತ್ತಿತ್ತು. ಆಡದಿದ್ದರೆ ಮಗಳು ಹೋಗುತ್ತಾಳೆ.

“ಗುಲ್ಫಶಾ, ಕೇಳು. ನನಗೂ ಹಿರಿಯರು ಹೇಳಿದ್ರು, ಹಗಲು ಹೋಗಿ ಅಪ್ಪನ್ನ ನೋಡಿ ರಾತ್ರಿಗೆ ಮನಿ ಸೇರು ಅಂತ. ನಾ ಹೋಗ್ಲಿಲ್ಲ. ಧರ್ಮಕ್ಕಂತ ಕೂಡಲಿಲ್ಲವ್ವಾ, ಮಂದಿ ಶಾಭಾಷ್ ಅನ್ನಲಿ ಅಂತ ಕೂತೆ. ಅಬ್ಬಾ ನನ್ನ ಹೆಸರು ಹೇಳ್ಕೋತ ಹೋದ್ರು. ನಾ ಮಾಡಿದ್ದು ತಪ್ಪು.”

ಜಾಹೆದಾ ಕಣ್ಣೊರೆಸಿಕೊಳ್ಳಲೂ ನಿಲ್ಲಲಿಲ್ಲ.

“ಮುಜಾಹಿದ್ ನಿನ್ನ ಎದಿಯಾಗ ಅದಾನ, ಆ ಗ್ವಾಡ್ಯಾಗ ಇಲ್ಲ. ಏಳು, ಚಾದರ ಹೊದ್ಕೊ, ಅತ್ತಿ ಕೈ ಹಿಡಕೊಂಡು ನಡಿ. ನಿನ್ನ ಮುಖ ನಾ ಇನ್ನೊಮ್ಮಿ ನೋಡ್ಬೇಕು.”

ಬಾಗಿಲ ಚಿಲಕದ ಸದ್ದು ಕೇಳಿದ ಹಾಗಾಯಿತು. ಅಷ್ಟರಲ್ಲಿ ಫೋನು ಕಡಿಯಿತು.

ಆಮೇಲೆ ಎಷ್ಟು ಹಚ್ಚಿದರೂ ಫೋನು ಹತ್ತಲಿಲ್ಲ. ಮಾನ್ವಿಯಲ್ಲೂ ಮಳೆ ಹಿಡಿಯಿತು, ಕೊಯ್ದಿಟ್ಟ ಭತ್ತ ತೊಯ್ದುಹೋಯಿತೆಂದು ಊರೆಲ್ಲ ಮರುಗಿತು. ಜಾಹೆದಾ ನಮಾಜಿನ ಚಾಪೆ ಬಿಟ್ಟು ಏಳಲಿಲ್ಲ. ಕಣ್ಣು ಮುಚ್ಚಿದರೆ ಮಗಳು ಸಣ್ಣವಳಾಗಿ ಕಾಣುತ್ತಿದ್ದಳು, ಒಮ್ಮೊಮ್ಮೆ ಅಬ್ಬಾ ಕಾಣುತ್ತಿದ್ದರು. ಬಾಗಿಲ ಸದ್ದಿಗೆ ಕಿವಿಗೊಟ್ಟು ಮಲಗುವುದೆಂದರೆ ಏನೆಂದು ಅವಳಿಗೆ ಈಗ ತಿಳಿಯಿತು.

ಎರಡು ದಿನ ಬಿಟ್ಟು ಯಾರದೋ ನಂಬರಿನಿಂದ ಗುಲ್ಫಶಾ ಮಾತಾಡಿದಳು. ಇಬ್ಬರೂ ಶಾಲೆಯಲ್ಲಿ ಕ್ಷೇಮ. ಮನೆಯ ತಗಡು ಹಾರಿ ಹೋಗಿದೆ, ಅವಳು ಕೂಡುತ್ತಿದ್ದ ಕೋಣೆಯ ಗೋಡೆ ಒಳಕ್ಕೇ ಬಿದ್ದಿದೆ, ಬಾವಿಯ ನೀರು ಉಪ್ಪಾಗಿದೆ. ಉಳಿದ ಇದ್ದತ್ ಎಲ್ಲಿ ಕೂಡಲಿ ಎಂದು ಕೇಳುವಾಗ ಅವಳಿಗೆ ಅಳು ಬಂತು.

“ನನ್ನ ಮನ್ಯಾಗ,” ಅಂದಳು ಜಾಹೆದಾ. “ಅತ್ತಿನೂ ಕರಕೊಂಡು ಬಾ.”

ರಾಯಚೂರು ನಿಲ್ದಾಣಕ್ಕೆ ಆಸಿಫ್‌ನೊಂದಿಗೆ ಅವಳೇ ಹೋದಳು. ನಿಗಾರಳೊಂದಿಗೆ ಇಳಿದ ಮಗಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. ಸೊರಗಿದ್ದಳು, ಆದರೆ ಇದ್ದಳು. ಮಾನ್ವಿ ಸೇರಿದಾಗ ಇನ್ನೂ ಬೆಳಕಿತ್ತು. ಕತ್ತಲಾಗಲಿ, ಆಮೇಲೆ ಓಣಿಗೆ ಹೋಗೋಣ ಎಂದು ಗುಲ್ಫಶಾ ತಗ್ಗಿದ ಧ್ವನಿಯಲ್ಲಿ ಅಂದಳು. ತಾಯಿ ಒಪ್ಪಲಿಲ್ಲ.

ಆತಿಯಾ ಬಾಗಿಲಲ್ಲೇ ನಿಂತಿದ್ದಳು. ಇದ್ದತ್ ಮುಗಿಯಿತೇ ಎಂದು ಕೇಳಿದಳು. ಕೇಳಿದ ಧಾಟಿಯಲ್ಲಿ ಮುಳ್ಳಿತ್ತು. ಜಾಹೆದಾ ತಲೆ ತಗ್ಗಿಸಿ ಒಳಗೆ ಹೋಗಿಬಿಡಬಹುದಿತ್ತು, ಆದರೆ ನಿಂತಳು.

“ಮುಗದಿಲ್ಲ ಆಪಾ. ಅಲ್ಲಿ ಮನಿ ಬಿದ್ದದ, ಇಲ್ಲಿ ಮುಗಸ್ತಾಳ. ಇನ್ನೊಂದು ಮಾತು. ನಾ ಅವತ್ತು ಅಬ್ಬಾನ ನೋಡಾಕ ಹೋಗಬಹುದಿತ್ತು. ನಿಮ್ಮ ಬಾಯಾಗ ಒಳ್ಳೇಕಿ ಆಗಬೇಕಂತ ಹೋಗ್ಲಿಲ್ಲ. ಇನ್ನ ಮ್ಯಾಲ ನನ್ನ ಕತಿ ಯಾವ ಹೆಣ್ಣುಮಗಳಿಗೂ ಹೇಳಬ್ಯಾಡ್ರಿ.”

ಆತಿಯಾ ನಿಗಾರಳ ಕೆಸರಾದ ಸೀರೆಯನ್ನೂ ಗುಲ್ಫಶಾಳ ಬತ್ತಿದ ಮುಖವನ್ನೂ ನೋಡಿದಳು. ಆಮೇಲೆ ಮೆಟ್ಟಿಲಿಳಿದು ಬಂದು ನಿಗಾರಳ ಕೈಯಿಂದ ಗಂಟನ್ನು ಇಸಿದುಕೊಂಡು, ಜಾಹೆದಾಳ ಮನೆಯ ಬಾಗಿಲನ್ನು ತಾನೇ ನೂಕಿ ತೆರೆದಳು.