ನೀರುನಾಯಿಯ ಉಪವಾಸ

ಈ ಬೆಕ್ಕುಗಳಿಗೆ ಎಲ್ಲಿಂದ ಬಂತೋ ಇಷ್ಟು ಸಂತೃಪ್ತಿ, ನೀರುನಾಯಿಯ ಆವರಣದ ಹಿಂದಿನ ಗೋಡೆಯ ಮೇಲೆ ಸಾಲಾಗಿ ಕೂತು ಮೀಸೆ ನೆಕ್ಕಿಕೊಳ್ಳುತ್ತಿವೆ, ಇಗರ್ಜಿಯಲ್ಲಿ ಮುಂದಿನ ಬೆಂಚು ಹಿಡಿದ ದೊಡ್ಡ ಮನೆತನದವರ ಹಾಗೆ, ಯಾರನ್ನೂ ನೋಡದೆ ಎಲ್ಲರನ್ನೂ ನೋಡುತ್ತ — ಮೃಗಾಲಯಕ್ಕೂ ಇವಕ್ಕೂ ಸಂಬಂಧವಿಲ್ಲ, ಮೃಗಾಲಯದವಳು ಒಳಗೆ ಬಂಡೆಯ ಸಂದಿಯಲ್ಲಿ ಮುದುಡಿ ಮಲಗಿದ್ದಾಳೆ, ಎಲ್ಲರೂ ಅಜ್ಜಿ ಎನ್ನುವ ಮುದಿ ನೀರುನಾಯಿ, ಬೆನ್ನೆಲುಬು ಕಾಣುವಷ್ಟು ಬಡಕಲು, ಅವಳನ್ನು ಇಲ್ಲೇ ಇಡಬೇಕೋ ಘಟ್ಟದ ಮೇಲಿನ ದೊಡ್ಡ ಮೃಗಾಲಯಕ್ಕೆ ಕಳಿಸಬೇಕೋ ಎಂದು ಇವತ್ತು ಹೇಳಬೇಕಾದವಳು ನಾನು, ನೆಲ್ಲಿ ಟೀಚರ್, ಬಲ್ಮಠದ ಕಾಲೇಜಿನಲ್ಲಿ ಮಕ್ಕಳಿಂದ ಜಿರಳೆ ಕಪ್ಪೆ ಕೊಯ್ಯಿಸಿ ನಿವೃತ್ತಳಾದದ್ದಕ್ಕೆ ಸಿಕ್ಕ ಮರ್ಯಾದೆ, ಆವರಣ ಪರಿಶೀಲನಾ ಸಮಿತಿಯ ಸದಸ್ಯೆ, ಕುತ್ತಿಗೆಗೊಂದು ಬ್ಯಾಡ್ಜು, ಕುಡಿಯಲಿಕ್ಕೆ ಕೈಗೊಂದು ಸೀಯಾಳದ ಬೊಂಡ. ಘಟ್ಟ ಹತ್ತಿಸಿದರೆ ಈ ಪ್ರಾಯಕ್ಕೆ ದಾರಿಯಲ್ಲೇ ಹೋಗುತ್ತಾಳೆ, ಅದು ಗೊತ್ತು, ಇಲ್ಲೇ ಇಟ್ಟರೆ ಹಸಿದು ಹೋಗುತ್ತಾಳೆ, ಅದೂ ಗೊತ್ತು, ಡಾಕ್ಟರು ರಕ್ತ ನೋಡಿದರು, ಹಲ್ಲು ನೋಡಿದರು, ರೋಗವಿಲ್ಲ, ಮೀನು ಮೂಸುತ್ತಾಳೆ, ತಿರುಗಿ ಮಲಗುತ್ತಾಳೆ. ಕೊಳದ್ದೇ ಪ್ರಾಬ್ಲೆಮ್ ಟೀಚರ್, ನೀಲಿ ಟೈಲ್ಸ್ ಹಾಕ್ಬೇಡಿ ಅಂತ ನಾನು ಮೊದಲೇ ಹೇಳಿದ್ದೆ, ಅದಕ್ಕೆ ಇದು ಹೊಳೆ ಅಂತ ಅನಿಸುವುದಾದರೂ ಹೇಗೆ — ಇದು ಗ್ರೆಗರಿ, ಸಮಿತಿಯ ಇಂಜಿನಿಯರ್, ಬೆಳಿಗ್ಗೆಯಿಂದ ಟೇಪು ಹಿಡಿದು ಎಲ್ಲರ ಮನೆ ಅಳೆಯುತ್ತಿದ್ದಾರೆ, ಚಿರತೆಗೆ ಸಾಕು, ಜಿಂಕೆಗೆ ಧಾರಾಳ, ಮುಳ್ಳುಹಂದಿಗೆ ಗಾಳಿಯಾಡುವುದಿಲ್ಲ — ಫಳ್ನೀರಿನಲ್ಲಿ ಇವರೇ ಕಟ್ಟಿಸಿದ ಅಪಾರ್ಟ್‌ಮೆಂಟಿನಲ್ಲಿ ನಾನಿರುವುದು, ನನಗೂ ಆಡುವುದಿಲ್ಲ, ಮುಳ್ಳುಹಂದಿಯ ದೂರನ್ನಾದರೂ ಬರೆದುಕೊಂಡರು. ಆದರೂ ಅವರ ಮಾತು ತೆಗೆದುಹಾಕುವ ಹಾಗಿಲ್ಲ, ಹೊಸ ಕೊಳಕ್ಕೆ ನೀರು ಬಿಟ್ಟದ್ದು ಹೋದ ವಾರ, ಅಜ್ಜಿ ಊಟ ಬಿಟ್ಟದ್ದೂ ಹೋದ ವಾರ, ಹಳೆಯ ಕೆಲಸದವ ಕತಾರಿಗೆ ಹಾರಿ ದೇವದಾಸ್ ಬಂದದ್ದೂ ಹೋದ ವಾರವೇ, ಆದರೆ ಮನುಷ್ಯರನ್ನು ಅಳೆಯುವುದಕ್ಕೆ ಟೇಪು ಸಾಲುವುದಿಲ್ಲ.

ಬಂದ ನೋಡಿ ದೇವದಾಸ್, ಬೋಳೂರಿನ ಮೀನುಗಾರರ ಮನೆಯವ, ಬೋಗುಣಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ನಮಸ್ಕಾರ ಟೀಚರ್, ಇವತ್ತಾದರೂ ತಿಂತಾಳಾ ನೋಡುವ, ಫ್ರೆಶ್ ಉಂಟಾ ದೇವದಾಸ್, ಎಂತ ಟೀಚರ್ ನೀವು, ಬಂದರಿನ ದಕ್ಕೆಯಲ್ಲಿ ನಾನೇ ಆರಿಸಿದ್ದು, ನನಗೆ ಹಾಳಾದ ಮೀನು ಕೊಡ್ಲಿಕ್ಕೆ ಅಲ್ಲಿ ಯಾರಿಗೆ ಧೈರ್ಯ ಉಂಟು — ಮುಚ್ಚಳ ತೆಗೆದ, ನನ್ನ ಬಾಯಲ್ಲಿ ನೀರೂರಿತು, ಬಂಗುಡೆ, ತಲೆ ತೆಗೆದು, ಹೊಟ್ಟೆ ಸೀಳಿ ತೊಳೆದು, ಮೈಗೆ ಓರೆಯಾಗಿ ಗೀರು ಹಾಕಿ, ಉಪ್ಪು ಅರಸಿನ ಸವರಿ, ಇನ್ನು ಕಾವಲಿಯೊಂದೇ ಬಾಕಿ, ಹಳೆಯ ಮನೆಯ ಹಿತ್ತಲಲ್ಲಿ ಅಮ್ಮ ಮೆಟ್ಟುಕತ್ತಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಾಳೆ, ಹೊಟ್ಟೆ ತೆಗೆಯದ ಮೀನು ಬಡಿಸುವುದೂ ಒಂದೇ ಎದುರಿದ್ದವನಿಗೆ ಬೈಯುವುದೂ ಒಂದೇ ನೆಲ್ಲಿ, ಅಮ್ಮ ಹೇಳುತ್ತಿದ್ದಾಳೆ, ನಾನು — ನಿಲ್ಲು, ಅರಸಿನ? ದೇವದಾಸ್, ಇದನ್ನು ಹೀಗೆ ಮಾಡಿದ್ದು ಯಾರು. ನಾನೇ ಟೀಚರ್, ಅಲ್ಲಿ ಹಿಂದೆ ಕೂತು, ಲಕ್ಷ್ಮಿಗೇ ನನ್ನಷ್ಟು ಕ್ಲೀನಾಗಿ ಬರುವುದಿಲ್ಲ, ನನ್ನ ಹೆಂಡತಿ. ತಲೆ ಎಲ್ಲಿ. ಬೆಕ್ಕಿಗೆ. ಹೊಟ್ಟೆಯದ್ದು? ಅದೂ ಬೆಕ್ಕಿಗೇ. ಗೋಡೆಯ ಮೇಲಿನ ಸಂಭಾವಿತರು ಕಣ್ಣು ಮುಚ್ಚಿಕೊಂಡರು. ಮಾರಾಯ, ನೀರುನಾಯಿ ಮೀನನ್ನು ತಲೆಯಿಂದಲೇ ಶುರು ಮಾಡುವುದು, ನೇತ್ರಾವತಿಯಲ್ಲಿ ಅದಕ್ಕೆ ಅರಸಿನ ಅರೆದು ಕೊಡುವವರು ಯಾರು. ತೊಳೆಯದ್ದು ಕೊಡುವುದಾ ಟೀಚರ್, ಪ್ರಾಯದ ಜೀವಕ್ಕೆ, ನಮ್ಮ ಕಡೆಯವರಿಗೆ ಗೊತ್ತಾದರೆ ಎಂತ ಹೇಳಿಯಾರು. ಗ್ರೆಗರಿ ಟೇಪಿನ ತುದಿ ನೋಡುತ್ತ ನಿಂತರು, ನಾನಾದರೂ ಹೀಗೇ ಕೊಡ್ತಿದ್ದೆ ಅಂದರು ಮೆಲ್ಲಗೆ, ನಾನೂ, ಈ ಊರಿನಲ್ಲಿ ಯಾರಾದರೂ — ಕೊಯ್ದು ತೊಳೆಯದ ಮೀನು ಉಂಟಾ ದೇವದಾಸ್ ಇನ್ನೂ? ಉಂಟು, ಸಂಜೆಯದ್ದು, ಐಸಿನಲ್ಲಿ.

ತಂದ, ಇಡೀ ಬಂಗುಡೆ, ಕಣ್ಣು ಕಿವಿರು ಸಮೇತ, ನೀರಲ್ಲಿ ಅದ್ದಿ ಐಸು ಬಿಡಿಸಿ, ಮುಖ ಆಚೆ ತಿರುಗಿಸಿಯೇ ಎಸೆದ, ಕ್ಷಮಿಸಬೇಕು ಅಜ್ಜಿ ಅಂದನೋ ಏನೋ, ನೀಲಿ ನೀರಲ್ಲಿ ಮೀನು ತೇಲಿತು, ಬಂಡೆಯ ಸಂದಿ ಅಲುಗಲಿಲ್ಲ, ಘಟ್ಟದ ತಿರುವುಗಳು, ಲಾರಿಯಲ್ಲಿ ಬೋನು, ಟಾರ್ಪಾಲು, ಬೇಡ, ಏಳು ಮಾರಾಯ್ತಿ, ಮೂಗು ಬಂತು, ಮೀಸೆ ಬಂತು, ಸದ್ದೇ ಇಲ್ಲದೆ ನೀರಿಗೆ ಜಾರಿದಳು, ಅಂಗಾತ ತೇಲಿದಳು, ಎರಡೂ ಕೈಯಲ್ಲಿ ಬಂಗುಡೆ ಹಿಡಿದು ತಲೆಯನ್ನು ಬಾಯೊಳಗಿಟ್ಟು — ಕಟಂ. ದೇವದಾಸ್ ಕಣ್ಣೊರೆಸಿಕೊಂಡ, ಇನ್ನೊಂದು ಎಸೆ, ಇನ್ನೊಂದು. ಟೈಲ್ಸ್ ಎಂತ ಮಾಡುವುದು ಟೀಚರ್, ಇರಲಿ ಗ್ರೆಗರಿ, ಅಜ್ಜಿಗೆ ನೀಲಿಯೂ ಆಗ್ತದೆ, ಇವಳು ಎಲ್ಲಿಗೂ ಹೋಗುವುದಿಲ್ಲ, ಬರೆದು ಸಹಿ ಹಾಕಿದೆ, ಬಸ್ಸು ಹತ್ತಿದೆ, ಪಂಪ್‌ವೆಲ್ಲಿನಲ್ಲಿ ಎಂದಿನ ಹಾಗೆ ಎಲ್ಲವೂ ಸಿಕ್ಕಿಹಾಕಿಕೊಂಡಿದೆ, ಕಂಡಕ್ಟರ್ ಎದುರು ಹೋಗಿ ಎದುರು ಹೋಗಿ ಅನ್ನುತ್ತಾನೆ, ಹೋಗಲಿಕ್ಕೆ ಎದುರು ಎಲ್ಲುಂಟು, ಇರಲಿ, ಇವತ್ತು ಏನೂ ಅವಸರವಿಲ್ಲ, ರಾತ್ರಿಗೆ ಏನು ಸಾರು ಮಾಡುವುದೆಂದು ಯೋಚಿಸಬೇಕು, ಎರಡೂ ಕೈಯಲ್ಲಿ ಬಂಗುಡೆ, ಅಲ್ಲ, ಸಾರು, ಬ್ಯಾಂಕಿಗೂ ಹೋಗಬೇಕಿತ್ತು, ಎರಡೂ ಕೈಯಲ್ಲಿ, ಅಂಗಾತ, ಅರೆಮುಚ್ಚಿದ ಕಣ್ಣು, ಬಾಯಿಯ ಹೊರಗೆ ಬಾಲವೊಂದೇ, ಜಗಿದ ಹಾಗೆಲ್ಲ ಅಲ್ಲಾಡುತ್ತ, ಬಾಲ —