ನೂರಕ್ಕೆ ಐವತ್ಮೂರು

ಹುಣಸೂರಿನ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುತ್ತಿದ್ದ ರೂಪಶ್ರೀ, ಬಿಡುವಿನಲ್ಲಿ ಷೇರು ಬೆಲೆಗಳ ಏರಿಳಿತ ಊಹಿಸುವ ಆನ್‌ಲೈನ್ ಸ್ಪರ್ಧೆಯೊಂದಕ್ಕೆ ಕೈಹಾಕಿ ಮೂರನೆಯವಳಾಗಿ ಬಂದಳು. ವಾರದೊಳಗೆ ಹೆಸರೇ ಕೇಳಿರದ ಕಂಪನಿಯೊಂದು ಅವಳನ್ನು ಹುಡುಕಿಕೊಂಡು ಬಂತು. ಏಳು ಸಂದರ್ಶನವಾದವು. ಷೇರಿನ ಮಾತನ್ನು ಒಬ್ಬರೂ ಎತ್ತಲಿಲ್ಲ. ಅಂಕಿಗಳ ರಾಶಿ ಮುಂದಿಟ್ಟು, ಇದರಲ್ಲಿ ಯಾವುದು ಸುಳ್ಳು ಹೇಳುತ್ತಿದೆ ಎಂದು ಕೇಳಿದರು. ಕೊನೆಗೆ, ಹೊಲ ಗೊತ್ತೇ ಎಂದರು. ಉಪಗ್ರಹದ ಚಿತ್ರದಲ್ಲಿ ಅವರಿಗೆ ಹಸಿರು ಕಾಣುತ್ತಿತ್ತು, ತೆನೆಯೊಳಗಿನ ಕಾಳು ಕಾಣುತ್ತಿರಲಿಲ್ಲ. ಶ್ರೀಮಂತರ ಹಣವನ್ನು ಬರೀ ಲೆಕ್ಕಾಚಾರದ ಮೇಲೆ ಹೂಡುವ ಸಂಸ್ಥೆ ಎಂಬುದಷ್ಟೇ ಅವಳಿಗೆ ತಿಳಿದದ್ದು. ಯಾರಿಗೂ ಏನೂ ಹೇಳಬಾರದೆಂದು ಸಹಿ ಹಾಕಿಸಿಕೊಂಡರು.

ಕಾಲೇಜಿನ ಕೆಲಸ ಬಿಟ್ಟು ಕಂಪನಿ ಸೇರಿದ ರೂಪಶ್ರೀ, ಪಿರಿಯಾಪಟ್ಟಣದಿಂದ ಎಚ್.ಡಿ. ಕೋಟೆಯವರೆಗೆ ಮುಸುಕಿನ ಜೋಳದ ಹೊಲ ಹೊಕ್ಕು ತೆನೆ ಸುಲಿದು ಕಾಳು ಎಣಿಸಿದಳು. ಹುಳು ಬಿದ್ದು ಆ ವರ್ಷ ಕಾಳು ಕಡಿಮೆ. ಬೆಲೆ ಏರುತ್ತದೆಂದು ಲೆಕ್ಕ ಹೇಳಿತು.

ತನ್ನೂರು ರಾವಂದೂರಿನಲ್ಲಿ ಪಕ್ಕದ ಮನೆಯ ಪುಟ್ಟಸಿದ್ದಮ್ಮ ಜೋಳ ಒಣಗಿಸುತ್ತಾ ಕೇಳಿದಳು. “ಈಗ್ಲೇ ಮಾರ್ಬುಡನಾ, ಇನ್ನೊಸಿ ದಿನ ಮಡಿಕಳನಾ? ನೀನು ಓದ್ದೋಳು, ಏಳವ್ವ.”

ಸಹಿ ನೆನಪಾಯಿತು. ಆದರೂ ಬಾಯಿ ತಡೆಯಲಿಲ್ಲ. “ತಡೀರಿ, ದೊಡ್ಡಮ್ಮ.”

ತಿಂಗಳೊಳಗೆ ಬೇರೆ ರಾಜ್ಯದಿಂದ ಲಾರಿಗಟ್ಟಲೆ ಜೋಳ ಬಂದು ಬೆಲೆ ಕುಸಿಯಿತು. ಪುಟ್ಟಸಿದ್ದಮ್ಮನ ಜೋಳ ಇನ್ನೂ ಮನೆಯಲ್ಲೇ ಇತ್ತು. ಗಾಬರಿಯಿಂದ ಕಂಪನಿಗೆ ಫೋನ್ ಮಾಡಿದರೆ ಮೇಲಧಿಕಾರಿ ನಕ್ಕ. “ನಾವು ಹಣ ಹೂಡುವ ಮುನ್ನೂರು ಮಾರುಕಟ್ಟೆಯಲ್ಲಿ ಇದೊಂದು. ನೂರಕ್ಕೆ ಐವತ್ಮೂರು ಸಲ ಸರಿಯಾದರೆ ನಮಗೆ ಲಾಭವೇ.”

ಅವಳು ಫೋನ್ ಇಟ್ಟಳು. ಸಂಜೆಯೇ ಪುಟ್ಟಸಿದ್ದಮ್ಮನ ಜಗಲಿಯಲ್ಲಿ ಕೂತು ಎಲ್ಲವನ್ನೂ ಹೇಳಿಬಿಟ್ಟಳು.

“ಅಂಗಾರೆ ನಿನ್ನ ಲೆಕ್ಕ ತಪ್ತು ಅನ್ನು.”

“ತಪ್ಪಬಹುದು ಅನ್ನೋದೂ ಲೆಕ್ಕದಲ್ಲಿತ್ತು, ದೊಡ್ಡಮ್ಮ. ಅದನ್ನ ನಿಮಗೆ ಹೇಳ್ಲಿಲ್ಲ.”

ಪುಟ್ಟಸಿದ್ದಮ್ಮ ಬೈಯಲಿಲ್ಲ. “ಅವ್ರಿಗೆ ಮುನ್ನೂರು ಪ್ಯಾಟೆ. ನಂಗಿರೋದು ಒಂದೇ ಒಲ ಕಣವ್ವ,” ಎಂದು ಎದ್ದು ಒಳಗೆ ಹೋದಳು.

ಮರುದಿನ ರೂಪಶ್ರೀ ತಾನು ಗುಟ್ಟು ಬಿಟ್ಟುಕೊಟ್ಟೆನೆಂದು ಕಂಪನಿಗೆ ತಾನೇ ಬರೆದಳು. ಹತ್ತು ನಿಮಿಷದಲ್ಲಿ ಕಂಪನಿ ಕೊಟ್ಟಿದ್ದ ಲ್ಯಾಪ್‌ಟಾಪ್ ಲಾಕ್ ಆಯಿತು, ಕೆಲಸ ಹೋಯಿತು. ಕಾಲೇಜಿನ ಕೆಲಸಕ್ಕೆ ಆಗಲೇ ಬೇರೊಬ್ಬರು ಬಂದಿದ್ದರು.

ಅವಳಿಗೆ ಬೆಲೆಯ ಗುಟ್ಟು ಗೊತ್ತೆಂಬ ಸುದ್ದಿ ಮಾತ್ರ ಹಾರನಹಳ್ಳಿಯವರೆಗೂ ಹಬ್ಬಿತು. ಬಸ್ಸಿನಲ್ಲಿ ಕಂಡವರೆಲ್ಲ ಪಕ್ಕಕ್ಕೆ ಕರೆದು, “ಈ ಸಲ ರೇಟು ಏರ್ತದಾ, ಮೇಡಂ?” ಎನ್ನುತ್ತಿದ್ದರು. ಗೊತ್ತಿಲ್ಲ ಎಂದರೆ, ಬಚ್ಚಿಡುತ್ತಾಳೆಂದು ಮುಖ ತಿರುಗಿಸುತ್ತಿದ್ದರು.